ತಿದಿ ಒತ್ತಿದ ಕೈಗಳು

(ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲೇಖನರೂಪ)



ರಾಜ್ಯೋತ್ಸವದ ದಿನ ವೈದ್ಯರನ್ನು ವೇದಿಕೆಗೆ ಕರೆದರೆ ಅವರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಪ್ಪಿನಕಾಯಿಯ ಅಪಾಯ ಇವುಗಳ ವಿಷಯವಾಗಿಯೇ ಮಾತನಾಡುವರೆಂದು ಸಭೆ ನಿರೀಕ್ಷಿಸುವುದು ಸಹಜ. ಊಟಕ್ಕೆ ಮುಂಚೆ ಅಂಥ ಉಪದೇಶವನ್ನು ಮಾಡಿ ಹೋಳಿಗೆಯ ರುಚಿಯನ್ನು ಕೆಡಿಸುವ ಉದ್ದೇಶ ನಮಗಿಲ್ಲ. ಇಂದು ನಾವು ಹೇಳಹೊರಟಿರುವುದು ಒಂದು ವೃತ್ತಿಯ ಚರಿತ್ರೆಯನ್ನು. ಆ ವೃತ್ತಿಗೆ ಕನ್ನಡದಲ್ಲಿ ಇನ್ನೂ ಒಂದು ಒಪ್ಪಿತವಾದ ಹೆಸರಿಲ್ಲ. ಇಂಗ್ಲಿಷಿನಲ್ಲಿ ರೆಸ್ಪಿರೇಟರಿ ಥೆರಪಿ ಎನ್ನುತ್ತಾರೆ. ನಾವು ಶ್ವಾಸಚಿಕಿತ್ಸೆ ಎಂದು ಕರೆಯಬಹುದು.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಎರಡು ವರ್ಷಗಳ ಕೆಳಗೆ ಇಂಥದೇ ಒಂದು ಸಮಾರಂಭದಲ್ಲಿ ತಾಯಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ತಮ್ಮ ಮಗಳು ಶ್ವಾಸಚಿಕಿತ್ಸೆಯ ಕೋರ್ಸಿಗೆ ಸೇರಿರುವಳೆಂದು ತಿಳಿಸಿದರು. “ಡಾಕ್ಟರಾಗುತ್ತಾಳೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆವು. ಈಗ ಜನ ಕೇಳಿದರೆ ಏನು ಹೇಳೋಣ?” ಎಂದು ಅವರ ಪ್ರಶ್ನೆ. ಮಕ್ಕಳ ಓಟ ಮುಗಿದು ಬಹುಮಾನ ವಿತರಣೆ ನಡೆಯುತ್ತಿದ್ದ ಆ ಗದ್ದಲದಲ್ಲಿ ನಾವು ಕೊಟ್ಟ ಉತ್ತರ ಬಹಳ ಬಡವಾಗಿತ್ತು. “ಒಳ್ಳೆಯ ಕೆಲಸವೇ, ಸಂಬಳ ಚೆನ್ನಾಗಿದೆ, ಚಿಂತಿಸಬೇಡಿ” ಎಂದಷ್ಟೇ ಹೇಳಿ ಜಾರಿಕೊಂಡೆವು. ಆ ರಾತ್ರಿ ಮನೆಗೆ ಹೋದ ಮೇಲೆ ನಮ್ಮ ಉತ್ತರ ನಮ್ಮನ್ನೇ ಚುಚ್ಚತೊಡಗಿತು. ಅಂದು ಕೊಡಬೇಕಾಗಿದ್ದ ಉತ್ತರ ಇಂದಿನ ಈ ಭಾಷಣ.

ಉಸಿರನ್ನು ಎಣಿಸುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ. ಮನುಷ್ಯ ಒಂದು ಹಗಲು ಒಂದು ರಾತ್ರಿಯಲ್ಲಿ 21,600 ಸಲ ಉಸಿರಾಡುತ್ತಾನೆಂದು ನಮ್ಮ ಯೋಗಶಾಸ್ತ್ರದ ಗ್ರಂಥಗಳು ಲೆಕ್ಕ ಹಾಕಿವೆ. ಭಾಗಿಸಿ ನೋಡಿದರೆ ನಿಮಿಷಕ್ಕೆ 15 ಆಗುತ್ತದೆ. ಇಂದಿನ ವೈದ್ಯಕೀಯ ಪುಸ್ತಕಗಳು ಆರೋಗ್ಯವಂತ ವಯಸ್ಕನಿಗೆ ಹೇಳುವ 12ರಿಂದ 20ರ ನಡುವೆಯೇ ಅದು ಬೀಳುತ್ತದೆ. ಈ ಉಸಿರುಗಳಲ್ಲಿ ಒಂದನ್ನೂ ನಾವು ಗಮನಿಸುವುದಿಲ್ಲ. ಅದು ನಿಂತಾಗ ಮಾತ್ರ, ಆ 21,600 ಉಸಿರುಗಳನ್ನು ಯಾರು ಎಳೆಯಬೇಕು ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಯನ್ನು ನಾವು ಮೊದಲು ಎದುರಿಸಿದ್ದು 1990ರ ದಶಕದ ಆರಂಭದಲ್ಲಿ, ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ. ನಮ್ಮ ನಾಡಿನ ಒಂದು ದೊಡ್ಡ ಸರಕಾರಿ ಆಸ್ಪತ್ರೆ, ಹೆಸರು ಬೇಡ. ಕೀಟನಾಶಕ ಕುಡಿದವರನ್ನೂ ಕಟ್ಟುಹಾವು ಕಚ್ಚಿದವರನ್ನೂ ಸುತ್ತಣ ಹಳ್ಳಿಗಳಿಂದ ಪ್ರತಿದಿನವೂ ಹೊತ್ತು ತರುತ್ತಿದ್ದರು. ಈ ಎರಡು ವಿಷಗಳಿಗೂ ಒಂದು ಸಮಾನ ಗುಣವುಂಟು. ಉಸಿರಾಟದ ಸ್ನಾಯುಗಳು ಕೆಲವು ದಿನ ಸೋಲುತ್ತವೆ. ಆ ಕೆಲವು ದಿನ ಬೇರೆ ಯಾರಾದರೂ ಗಾಳಿಯನ್ನು ಒತ್ತಿ ಕೊಟ್ಟರೆ ಬಹುಪಾಲು ರೋಗಿಗಳು ಎದ್ದು ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಆದರೆ ಇದ್ದ ವೆಂಟಿಲೇಟರುಗಳು ಎರಡು, ರೋಗಿಗಳು ಆರು. ಉಳಿದ ನಾಲ್ವರಿಗೆ ಗಂಟಲಿನಲ್ಲಿ ನಳಿಕೆ ಇಳಿಸಿ, ರಬ್ಬರಿನ ಆಂಬು ಚೀಲವನ್ನು ಜೋಡಿಸಿ, ಅದನ್ನು ರೋಗಿಯ ಬಂಧುವಿನ ಕೈಗೆ ಕೊಡುತ್ತಿದ್ದೆವು. “ನಿಮ್ಮ ಉಸಿರಿನ ಲೆಕ್ಕಕ್ಕೇ ಒತ್ತಿ, ನಿಲ್ಲಿಸಬೇಡಿ” ಎನ್ನುವುದೇ ನಾವು ಕೊಡುತ್ತಿದ್ದ ತರಬೇತಿ. ಅದಕ್ಕೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಒಂದು ರಾತ್ರಿ ಸುಮಾರು ಇಪ್ಪತ್ತೈದರ ಯುವಕನೊಬ್ಬನಿಗೆ ಅವನ ತಮ್ಮ ಚೀಲವನ್ನು ಒತ್ತುತ್ತಿದ್ದ. ಅದು ಅವನ ಎರಡನೆಯ ರಾತ್ರಿ. ಸರದಿಗೆ ಬೇರೆ ಯಾರೂ ಇರಲಿಲ್ಲ. ಬೆಳಗಿನ ನಾಲ್ಕರ ಹೊತ್ತಿಗೆ ನಾವು ಆ ಕಡೆ ಬಂದಾಗ ತಮ್ಮ ಮಂಚದ ಅಂಚಿಗೆ ಹಣೆಯಿಟ್ಟು ನಿದ್ದೆ ಹೋಗಿದ್ದ. ಚೀಲ ಅವನ ಬೆರಳುಗಳ ನಡುವೆ ಹಾಗೆಯೇ ಇತ್ತು. ಅಣ್ಣನ ತುಟಿಗಳು ಕಪ್ಪಾಗಿದ್ದವು. ನಾವು ಮಾಡಬೇಕಾದುದನ್ನೆಲ್ಲ ಮಾಡಿದೆವು. ಹೋದ ಉಸಿರು ಮರಳಲಿಲ್ಲ. ಆ ತಮ್ಮ ನಮ್ಮ ಮುಖವನ್ನು ನೋಡಿದ ರೀತಿ ಇಂದಿಗೂ ಮರೆಯದು. “ಇದು ನಿನ್ನ ತಪ್ಪಲ್ಲ” ಎಂದು ಅವನಿಗೆ ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಇನ್ನೊಬ್ಬ ರೋಗಿ ಕಾಯುತ್ತಿದ್ದ.

ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಕಡೆಗೆ ಹೊರಳೋಣ.

1774ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಭಸ್ಮವನ್ನು ಕಾಯಿಸಿ ಆಮ್ಲಜನಕವನ್ನು ಬೇರ್ಪಡಿಸಿದ. ಸ್ವೀಡನ್ನಿನ ಷೀಲೆ ಅದನ್ನು ಸ್ವತಂತ್ರವಾಗಿ ಇನ್ನೂ ಮೊದಲೇ ಕಂಡಿದ್ದ. ಆದರೆ ರೋಗಿಯ ಮಂಚದ ಬಳಿಗೆ ಆ ಅನಿಲ ಶಾಸ್ತ್ರೀಯವಾಗಿ ಬರಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ನರಳಿದ ಸೈನಿಕರನ್ನು ಕಂಡ ಜಾನ್ ಸ್ಕಾಟ್ ಹಾಲ್ಡೇನ್, ಆಮ್ಲಜನಕವನ್ನು ಅಳತೆಯಿಟ್ಟು ಕೊಡುವ ಕ್ರಮವನ್ನು 1917ರಲ್ಲಿ ಪ್ರಕಟಿಸಿದರು. 1920ರ ದಶಕದಲ್ಲಿ ನ್ಯೂಯಾರ್ಕಿನ ಆಲ್ವನ್ ಬರಾಕ್ ರೋಗಿಯ ಸುತ್ತ ಗುಡಾರದಂತೆ ಕಟ್ಟುವ ಆಮ್ಲಜನಕದ ಡೇರೆಯನ್ನು ಸುಧಾರಿಸಿದರು.

ಡೇರೆ ಬಂದ ಮೇಲೆ ಸಿಲಿಂಡರು ಬೇಕು; ಸಿಲಿಂಡರು ಬಂದ ಮೇಲೆ ಅದನ್ನು ಎಳೆದು ತರುವ ಆಳು ಬೇಕು. ಆಳೆತ್ತರದ ಉಕ್ಕಿನ ಸಿಲಿಂಡರುಗಳನ್ನು ನೆಲಮಾಳಿಗೆಯಿಂದ ವಾರ್ಡಿಗೆ ಉರುಳಿಸಿಕೊಂಡು ಬಂದು, ಕೀಲು ತಿರುಗಿಸಿ, ಖಾಲಿಯಾದುದನ್ನು ಮರಳಿ ಒಯ್ಯುವ ಈ ನೌಕರರನ್ನು ಅಮೆರಿಕದ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಆರ್ಡರ್ಲಿಗಳೆಂದು ಕರೆಯುತ್ತಿದ್ದರು. ಇವರೇ ಇಂದಿನ ಶ್ವಾಸಚಿಕಿತ್ಸಕರ ಮೂಲಪುರುಷರು. ಇವರಿಗೆ ಶಾಲೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ, ಭುಜಬಲವೊಂದೇ ಅರ್ಹತೆ. 1943ರಲ್ಲಿ ಷಿಕಾಗೋ ನಗರದ ಮೈಕೇಲ್ ರೀಸ್ ಆಸ್ಪತ್ರೆಯಲ್ಲಿ ಡಾ. ಎಡ್ವಿನ್ ಲೆವಿನ್ ಎಂಬವರು ಇಂಥ ಕೆಲಸಗಾರರಿಗೆ ಕೆಲಸದ ನಡುವೆಯೇ ಪಾಠ ಹೇಳತೊಡಗಿದರು. 1946ರ ಜುಲೈ ತಿಂಗಳಲ್ಲಿ ಅದೇ ನಗರದ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ಆರ್ಡರ್ಲಿಗಳು ಒಂದೇ ಕೊಠಡಿಯಲ್ಲಿ ಸಭೆ ಸೇರಿದರು. 1947ರ ಏಪ್ರಿಲಿನಲ್ಲಿ ಅವರ ಸಂಘ ನೋಂದಣಿಯಾಯಿತು. ಹಲವು ಸಲ ಹೆಸರು ಬದಲಿಸಿಕೊಂಡು ಅದೇ ಇಂದಿನ ಅಮೆರಿಕನ್ ಅಸೋಸಿಯೇಷನ್ ಫಾರ್ ರೆಸ್ಪಿರೇಟರಿ ಕೇರ್ ಆಗಿದೆ.

ಇದು ಆಮ್ಲಜನಕದ ಕಥೆಯಾಯಿತು. ಆದರೆ ಸ್ನಾಯುಗಳೇ ಸೋತವನ ಮೂಗಿನ ಮುಂದೆ ಎಷ್ಟು ಆಮ್ಲಜನಕವನ್ನು ಹಿಡಿದರೇನು? ಅವನಿಗೆ ಬೇಕಾದುದು ತಿದಿ. ನಮ್ಮ ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆಯನ್ನು ನೋಡಿದ ಹಿರಿಯರು ಈ ಸಭೆಯಲ್ಲಿ ಇದ್ದೀರಿ. ತಿದಿ ಒತ್ತುವವನ ಕೈ ನಿಂತರೆ ಕೆಂಡ ಕಪ್ಪಾಗುತ್ತದೆ.

ಅಮೆರಿಕ ಮತ್ತು ಯೂರೋಪುಗಳಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದು ಪೋಲಿಯೋ. 1928ರ ಅಕ್ಟೋಬರ್ 12ರಂದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿದ್ದ ಎಂಟು ವರ್ಷದ ಬಾಲಕಿಯೊಬ್ಬಳನ್ನು, ತಲೆಯೊಂದನ್ನು ಬಿಟ್ಟು, ಲೋಹದ ಪೆಟ್ಟಿಗೆಯೊಳಗೆ ಮಲಗಿಸಿದರು. ಪೆಟ್ಟಿಗೆಯ ಗಾಳಿಯನ್ನು ಹೊರಕ್ಕೆ ಎಳೆದಾಗ ಅವಳ ಎದೆ ಅರಳಿ ಉಸಿರು ಒಳಗೆ ಹೋಯಿತು. ಬಿಟ್ಟಾಗ ಹೊರಗೆ ಬಂತು. ಕೆಲವೇ ನಿಮಿಷಗಳಲ್ಲಿ ಮಗು ಕಣ್ಣು ತೆರೆಯಿತು. ಕೆಲವು ದಿನಗಳ ಮೇಲೆ ಆ ಮಗು ತೀರಿಕೊಂಡರೂ ಕಬ್ಬಿಣದ ಶ್ವಾಸಕೋಶವೆಂದು ಹೆಸರಾದ ಆ ಯಂತ್ರ ಉಳಿಯಿತು. ಅದನ್ನು ರೂಪಿಸಿದ ಫಿಲಿಪ್ ಡ್ರಿಂಕರ್ ವೈದ್ಯರಲ್ಲ, ಎಂಜಿನಿಯರು ಎಂಬುದನ್ನು ನಮ್ಮ ಎಂಜಿನಿಯರ್ ಮಿತ್ರರು ಗಮನಿಸಬೇಕು.

ಆದರೆ ಈ ವೃತ್ತಿಯ ನಿಜವಾದ ಜನ್ಮಸ್ಥಳ ಯಾವುದೆಂದು ಕೇಳಿದರೆ ನಾವು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಹೆಸರಿಸುತ್ತೇವೆ. 1952ರ ಬೇಸಗೆಯಲ್ಲಿ ಅಲ್ಲಿ ಪೋಲಿಯೋ ಪಿಡುಗು ಎದ್ದಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ ಐವತ್ತು ರೋಗಿಗಳು ಬಂದ ದಿನಗಳುಂಟು. ಇಡೀ ಆಸ್ಪತ್ರೆಯಲ್ಲಿ ಇದ್ದುದು ಕಬ್ಬಿಣದ ಶ್ವಾಸಕೋಶ ಒಂದು, ಎದೆಗೆ ಕವಚದಂತೆ ಕಟ್ಟುವ ಸಣ್ಣ ಯಂತ್ರಗಳು ಆರು. ಮೊದಲ ವಾರಗಳಲ್ಲಿ ಹೀಗೆ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಸತ್ತರು. ಮುಖ್ಯ ವೈದ್ಯ ಲಾಸೆನ್ ಅವರು ದಿಕ್ಕುಗಾಣದೆ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನನ್ನು ಕರೆಸಿದರು. ಆಗ ಆತನಿಗೆ ಮೂವತ್ತಾರು ವಯಸ್ಸು. ಬಾಸ್ಟನ್ನಿನಲ್ಲಿ ತರಬೇತಿ ಪಡೆದು ತಾಯ್ನಾಡಿಗೆ ಮರಳಿದ್ದವನು. ಪರದೇಶದಲ್ಲಿ ಕಲಿತ ವೈದ್ಯರೆಂದರೆ ನಮಗೆ ಸಹಜವಾಗಿಯೇ ಒಂದು ಅಭಿಮಾನ.

ಮಕ್ಕಳು ಸಾಯುತ್ತಿರುವುದು ಮಿದುಳಿಗೆ ತಗುಲಿದ ಸೋಂಕಿನಿಂದ ಎಂದು ಹಿರಿಯರು ನಂಬಿದ್ದರು. ರಕ್ತದಲ್ಲಿ ಇಂಗಾಲಾಮ್ಲದ ಒಟ್ಟು ಮೊತ್ತ ಹೆಚ್ಚಿದ್ದುದನ್ನು ಕಂಡು ಅದು ಕ್ಷಾರಾಧಿಕ್ಯವೆಂದೂ ಬಗೆದಿದ್ದರು. ಇಬ್ಸೆನ್ ಶವಪರೀಕ್ಷೆಯ ವರದಿಗಳನ್ನು ನೋಡಿ ಬೇರೆಯ ತೀರ್ಮಾನಕ್ಕೆ ಬಂದ: ಇವರು ಉಸಿರು ಸಾಲದೆ, ಹೊರಹೋಗದ ಇಂಗಾಲಾಮ್ಲ ಒಳಗೇ ತುಂಬಿಕೊಂಡು ಸಾಯುತ್ತಿದ್ದಾರೆ. ಆಸ್ಪತ್ರೆಯ ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ಅಳೆದಾಗ ಇಬ್ಸೆನ್ನನ ಮಾತೇ ನಿಜವಾಯಿತು. ಇಂದು ಶ್ವಾಸಚಿಕಿತ್ಸಕರು ಮಣಿಕಟ್ಟಿನಿಂದ ರಕ್ತ ತೆಗೆದು ಮಾಡುವ ಪರೀಕ್ಷೆಯ ಬೇರು ಅಲ್ಲಿದೆ.

ಆಗಸ್ಟ್ 27ರಂದು ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಬಾಲೆಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಶ್ವಾಸನಾಳದೊಳಗೆ ನಳಿಕೆಯಿಳಿಸಿ, ಇಬ್ಸೆನ್ ಕೈಚೀಲದಿಂದ ಗಾಳಿಯನ್ನು ಒತ್ತತೊಡಗಿದ. ಹುಡುಗಿ ಒದ್ದಾಡಿದಳು, ಗಾಳಿ ಒಳಗೆ ಹೋಗಲೊಲ್ಲದು. ನೋಡಲು ನೆರೆದಿದ್ದ ವೈದ್ಯರಲ್ಲಿ ಹಲವರು ನಿರಾಶರಾಗಿ ಕೊಠಡಿಯಿಂದ ಹೊರನಡೆದರು. ಇಬ್ಸೆನ್ ಅವಳಿಗೆ ಅರಿವಳಿಕೆಯ ಮದ್ದನ್ನು ಕೊಟ್ಟ. ಒದ್ದಾಟ ನಿಂತು ಎದೆ ಚೀಲದ ಲಯಕ್ಕೆ ಏರಿ ಇಳಿಯಿತು. ಮೈಯ ಬಣ್ಣ ಮರಳಿತು. ಹೊರನಡೆದವರು ಹಿಂದಿರುಗಿ ಬಂದಿರಬೇಕು.

ಉಪಾಯ ಸಿಕ್ಕಿತು, ಯಂತ್ರ ಸಿಗಲಿಲ್ಲ. ಆಗ ಕೋಪನ್‌ಹೇಗನ್ನಿನ ವೈದ್ಯ ಮತ್ತು ದಂತವೈದ್ಯ ವಿದ್ಯಾರ್ಥಿಗಳನ್ನು ಕರೆದರು. ಒಟ್ಟು ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಮಂಚಗಳ ಪಕ್ಕದಲ್ಲಿ ಕುಳಿತು, ಹಗಲಿರುಳು ಚೀಲವನ್ನು ಒತ್ತಿದರು. ಪಿಡುಗು ಉತ್ತುಂಗದಲ್ಲಿದ್ದಾಗ ಏಕಕಾಲಕ್ಕೆ ಎಪ್ಪತ್ತು ರೋಗಿಗಳ ಉಸಿರು ಈ ವಿದ್ಯಾರ್ಥಿಗಳ ಅಂಗೈಯಲ್ಲಿತ್ತು. ಒಟ್ಟು 1,65,000 ಗಂಟೆಗಳ ಕೈಕೆಲಸವೆಂದು ದಾಖಲೆಯುಂಟು. ನೂರಕ್ಕೆ 87ರಷ್ಟಿದ್ದ ಸಾವಿನ ಪ್ರಮಾಣ ಸುಮಾರು 25ಕ್ಕೆ ಇಳಿಯಿತು. ಆ 25ರಲ್ಲಿ ತಮ್ಮ ಕೈಯಲ್ಲಿಯೇ ಮಗುವಿನ ಎದೆ ತಣ್ಣಗಾಗುವುದನ್ನು ಕಂಡ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳೂ ಇದ್ದರು.

ಈ ವೃತ್ತಾಂತವನ್ನು ನಾವು ಮೊದಲು ಓದಿದ್ದು ಅಮೆರಿಕಕ್ಕೆ ಬಂದ ಮೇಲೆ. ಓದುತ್ತ ಓದುತ್ತ ನಮ್ಮ ಸರಕಾರಿ ಆಸ್ಪತ್ರೆಯ ಆ ತಮ್ಮನೇ ಕಣ್ಣಮುಂದೆ ಬಂದ. ಅವನ ಕೈಯಲ್ಲಿದ್ದ ಆಂಬು ಚೀಲವೂ ಡೆನ್ಮಾರ್ಕಿನದೇ. ಒತ್ತಿ ಬಿಟ್ಟರೆ ತಾನಾಗಿ ಹಿಗ್ಗುವ ಆ ಚೀಲವನ್ನು ಹೆನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ 1956ರಲ್ಲಿ ಬಳಕೆಗೆ ತಂದರು. ಚೀಲ ಲೋಕವನ್ನೆಲ್ಲ ಸುತ್ತಿ ನಮ್ಮ ಜಿಲ್ಲೆಗೂ ಬಂದಿತ್ತು. ಅದರ ಹಿಂದೆ ಬರಬೇಕಾಗಿದ್ದ ಸರದಿಯ ಪದ್ಧತಿ, ಕೈ ಬದಲಿಸುವ ಜನ, ಪಾಠ ಹೇಳುವ ಗುರು, ಇವು ಬಂದಿರಲಿಲ್ಲ.

ಪೋಲಿಯೋ ಲಸಿಕೆ 1955ರಲ್ಲಿ ಬಂದು ರೋಗ ಹಿಂದೆ ಸರಿಯಿತು. ಅಷ್ಟರಲ್ಲಿ ಯಂತ್ರಗಳ ಯುಗ ಆರಂಭವಾಗಿತ್ತು. ಯುದ್ಧವಿಮಾನಗಳ ಚಾಲಕರಿಗೆ ಎತ್ತರದಲ್ಲಿ ಉಸಿರು ಒದಗಿಸುವ ಕವಾಟಗಳ ಅನುಭವದಿಂದ ಫಾರೆಸ್ಟ್ ಬರ್ಡ್, ರೇ ಬೆನೆಟ್ ಮೊದಲಾದವರು ಆಸ್ಪತ್ರೆಗಳಿಗೆ ಬೇಕಾದ ಉಪಕರಣಗಳನ್ನು ನಿರ್ಮಿಸಿದರು. ಸಿಲಿಂಡರು ಹೊರುತ್ತಿದ್ದ ಆರ್ಡರ್ಲಿಯ ಮುಂದೆ ಈಗ ಒತ್ತಡದ ಮಾಪಕ, ಗಾಳಿಯ ವೇಗದ ತಿರುಪು, ಎಚ್ಚರಿಕೆಯ ಗಂಟೆ ನಿಂತವು. ತೋಳ್ಬಲ ಸಾಲದಾಯಿತು.

ತರಬೇತಿಯಿಲ್ಲದೆ ಉಸಿರಿನ ಮೇಲೆ ಕೈಯಿಟ್ಟರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಕಠೋರವಾದ ಪಾಠವಿದೆ. 1940ರ ದಶಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಹೊಸ ಬಗೆಯ ಪೆಟ್ಟಿಗೆಗಳಲ್ಲಿಟ್ಟು ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದರು. ಪ್ರಾಣವಾಯುವಲ್ಲವೇ, ಹೆಚ್ಚಾದರೆ ಕೆಡುಕೇನು ಎಂಬ ಭಾವನೆ. ಬದುಕಿದ ಮಕ್ಕಳಲ್ಲಿ ಅನೇಕರು ಕುರುಡರಾದರು. 1942ರಲ್ಲಿ ಬಾಸ್ಟನ್ನಿನ ಟೆರಿ ಎಂಬ ನೇತ್ರವೈದ್ಯರು ಈ ರೋಗವನ್ನು ವರ್ಣಿಸಿದರು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ಮಕ್ಕಳ ವೈದ್ಯೆ ಆಮ್ಲಜನಕದ ಕಡೆಗೆ ಬೆರಳು ತೋರಿದರು. 1954ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ಜಂಟಿ ಅಧ್ಯಯನ ಆ ಸಂಶಯವನ್ನು ಸ್ಥಿರಪಡಿಸಿತು. ಅಷ್ಟರೊಳಗೆ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ನಮ್ಮ ಮಕ್ಕಳಿಗೆ ಪರಿಚಿತನಾದ ಗಾಯಕ ಸ್ಟೀವಿ ವಂಡರ್ 1950ರಲ್ಲಿ ಅಕಾಲದಲ್ಲಿ ಹುಟ್ಟಿ ಹೀಗೆ ಕಣ್ಣು ಕಳೆದುಕೊಂಡವರಲ್ಲಿ ಒಬ್ಬ. ಆ ಮೇಲೆ ಹೆದರಿ ಆಮ್ಲಜನಕವನ್ನು ಅತಿಯಾಗಿ ಕಡಿತಗೊಳಿಸಿದಾಗ ಅದು ಸಾಲದೆ ಸತ್ತ ಶಿಶುಗಳೂ ಬಹಳವೆಂದು ನಂತರದ ತಜ್ಞರು ಲೆಕ್ಕ ಹಾಕಿದರು. ಹೆಚ್ಚಾದರೆ ಕಣ್ಣು ಹೋಗುತ್ತದೆ, ಕಡಿಮೆಯಾದರೆ ಪ್ರಾಣ ಹೋಗುತ್ತದೆ. ಈ ಕೂದಲೆಳೆಯ ದಾರಿಯಲ್ಲಿ ನಡೆಯಲು ಕಲಿತವರು ಬೇಕೇ ಬೇಕು.

ಆದುದರಿಂದ ಶಾಲೆಗಳು ಹುಟ್ಟಿದವು. 1960ರ ನವೆಂಬರಿನಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಈ ವೃತ್ತಿಯ ಮೊದಲ ನೋಂದಣಿ ಪರೀಕ್ಷೆ ನಡೆಯಿತು. ಮರುವರ್ಷ ನೋಂದಣಿ ಪಡೆದ ಮೊದಲ ಮಹಿಳೆ ಒಬ್ಬ ಕ್ರೈಸ್ತ ಸಂನ್ಯಾಸಿನಿ. 1962ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಈ ಶಾಲೆಗಳು ಅನುಸರಿಸಬೇಕಾದ ಮಾನದಂಡಗಳನ್ನು ಅಂಗೀಕರಿಸಿತು. 1982ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಇವರಿಗೆ ಲೈಸೆನ್ಸು ಕೊಡುವ ಕಾನೂನು ಮಾಡಿತು; ಇತರ ರಾಜ್ಯಗಳು ಹಿಂಬಾಲಿಸಿದವು. ಆರ್ಡರ್ಲಿಯಿಂದ ಲೈಸೆನ್ಸು ಪಡೆದ ಚಿಕಿತ್ಸಕನವರೆಗಿನ ದಾರಿಗೆ ನಲವತ್ತು ವರ್ಷ ಹಿಡಿಯಿತು.

ಈಗ ಅಮೆರಿಕದಲ್ಲಿ ಇದನ್ನು ಕಲಿಯುವವರು ಎರಡು ವರ್ಷದ ಅಸೋಸಿಯೇಟ್ ಪದವಿಯನ್ನೋ ನಾಲ್ಕು ವರ್ಷದ ಬ್ಯಾಚುಲರ್ ಪದವಿಯನ್ನೋ ಪಡೆಯಬೇಕು. ಅಂಗರಚನಾಶಾಸ್ತ್ರ, ಶರೀರಶಾಸ್ತ್ರ, ಅನಿಲಗಳ ಭೌತಶಾಸ್ತ್ರ, ಔಷಧಶಾಸ್ತ್ರ ಇವುಗಳ ಜೊತೆಗೆ ಆಸ್ಪತ್ರೆಯಲ್ಲಿ ನೂರಾರು ಗಂಟೆಗಳ ಅನುಭವವನ್ನು ಗಳಿಸಬೇಕು. ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆಯುವುದು, ಆ ಫಲಿತಾಂಶವನ್ನು ಓದುವುದು, ಕೃತಕ ಉಸಿರಾಟದ ನಳಿಕೆಯನ್ನು ಕಾಯುವುದು, ಒಂದು ಕಿಲೋ ತೂಗದ ಶಿಶುವಿನಿಂದ ಹಿಡಿದು ತೊಂಬತ್ತರ ಮುದುಕರವರೆಗೆ ವೆಂಟಿಲೇಟರನ್ನು ಹೊಂದಿಸುವುದು, ಆಸ್ತಮಾ ರೋಗಿಗೆ ಇನ್‌ಹೇಲರ್ ಹಿಡಿಯುವ ಸರಿಯಾದ ಕ್ರಮವನ್ನು ಕಲಿಸುವುದು, ಇವೆಲ್ಲ ಅವರ ಪಾಠಗಳು. ಕೊನೆಗೆ ರಾಷ್ಟ್ರೀಯ ಮಂಡಲಿಯ ಪರೀಕ್ಷೆ. 2015ರಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ, ಉನ್ನತ ದರ್ಜೆಯ ನೋಂದಣಿ ಬಯಸುವವರು ಪ್ರಶ್ನೋತ್ತರದ ಪರೀಕ್ಷೆಯಲ್ಲಿ ಮೇಲಿನ ಅಂಕಮಟ್ಟವನ್ನು ಮುಟ್ಟಿ, ಅನಂತರ ಕಾಲ್ಪನಿಕ ರೋಗಿಗಳನ್ನು ಹಂತಹಂತವಾಗಿ ನಿಭಾಯಿಸಿ ತೋರಿಸುವ ಎರಡನೆಯ ಪರೀಕ್ಷೆಯನ್ನೂ ದಾಟಬೇಕಾಯಿತು. ಮೆಡಿಕಲ್ ಸೀಟು ಸಿಗದವರು ಸುಮ್ಮನೆ ಹೋಗಿ ಕೂರುವ ಬೆಂಚು ಇದಲ್ಲವೆಂದು ಪೋಷಕರಿಗೆ ವಿನಯದಿಂದ ಅರಿಕೆ ಮಾಡುತ್ತೇವೆ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸಲ್ಲಬೇಕು. 1990ರ ದಶಕದ ಕೊನೆಯಲ್ಲಿ ನಾವು ಈ ದೇಶಕ್ಕೆ ರೆಸಿಡೆನ್ಸಿಗೆ ಬಂದಾಗ, ವಾರ್ಡಿನಲ್ಲಿ ನೀಲಿ ಉಡುಪು ತೊಟ್ಟು ವೆಂಟಿಲೇಟರಿನ ಬಳಿ ನಿಂತವರನ್ನು ಯಂತ್ರ ರಿಪೇರಿಯವರೆಂದು ಭಾವಿಸಿದ್ದೆವು. ಎರಡನೆಯ ತಿಂಗಳ ಒಂದು ರಾತ್ರಿ ತೀವ್ರನಿಗಾ ಘಟಕದಲ್ಲಿ ರೋಗಿಯೊಬ್ಬರ ಆಮ್ಲಜನಕದ ಮಟ್ಟ ಏಕಾಏಕಿ ಕುಸಿಯಿತು. ಗಂಟೆಗಳು ಮೊಳಗಿದವು. ನಾವು ಎಕ್ಸ್-ರೇ ಬೇಕೆಂದೆವು, ಆಂಟಿಬಯಾಟಿಕ್ ಬದಲಿಸೋಣವೆಂದೆವು, ಪುಸ್ತಕದಲ್ಲಿದ್ದ ಕಾರಣಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕಿದೆವು. ನರೆತ ಕೂದಲಿನ ಒಬ್ಬ ಶ್ವಾಸಚಿಕಿತ್ಸಕಿ ನಮ್ಮನ್ನು ಮೆಲ್ಲಗೆ ಸರಿಸಿ, ಯಂತ್ರವನ್ನು ಕಳಚಿ, ಚೀಲವನ್ನು ಜೋಡಿಸಿ ಎರಡು ಸಲ ಒತ್ತಿದರು. “ಗಟ್ಟಿಯಾಗಿದೆ, ನಳಿಕೆ ಕಟ್ಟಿಕೊಂಡಿದೆ” ಎಂದರು. ಹೀರುಕೊಳವೆಯನ್ನು ಇಳಿಸಿ ಹೆಬ್ಬೆರಳಿನ ತುದಿಯಷ್ಟು ದಪ್ಪದ ಕಫದ ಗಂಟನ್ನು ಹೊರತೆಗೆದರು. ಒಂದು ನಿಮಿಷದೊಳಗೆ ಗಂಟೆಗಳು ಮೌನವಾದವು.

ಆ ಬೆರಳುಗಳಿಗೆ ಗೊತ್ತಿದ್ದುದು ನಮ್ಮ ಪುಸ್ತಕಕ್ಕೆ ಗೊತ್ತಿರಲಿಲ್ಲ. ಮರುದಿನ ಅವರನ್ನು ಹುಡುಕಿಕೊಂಡು ಹೋಗಿ ಕಲಿಸಿಕೊಡಬೇಕೆಂದು ಕೇಳಿದೆವು. ಚೀಲವನ್ನು ನಮ್ಮ ಕೈಗೆ ಕೊಟ್ಟು, ಮೃದುವಾದ ಶ್ವಾಸಕೋಶ ಹೇಗೆ ತೋರುತ್ತದೆ, ಬಿಗಿದುದು ಹೇಗೆ ತೋರುತ್ತದೆ ಎಂದು ಅವರು ಒಂದು ಮಧ್ಯಾಹ್ನವಿಡೀ ತೋರಿಸಿದರು. ಕೊನೆಯಲ್ಲಿ ನಾವು ನಮ್ಮ ನಾಡಿನ ಆ ತಮ್ಮನ ಕಥೆಯನ್ನು ಅವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡು ರಾತ್ರಿ ಒಬ್ಬನೇ? ನಮ್ಮಲ್ಲಿ ಯಾರಿಗೂ ಅದು ಸಾಧ್ಯವಿಲ್ಲ” ಎಂದರು. ಅಂದು ಆ ಹುಡುಗನಿಗೆ ಹೇಳಬೇಕಾಗಿದ್ದ ಮಾತು ಅದೇ ಆಗಿತ್ತು.

ಈ ವೃತ್ತಿಯವರ ಕೆಲಸದ ಫಲ ಅಂಕಿಅಂಶಗಳಲ್ಲಿಯೂ ದಾಖಲಾಗಿದೆ. 1996ರಲ್ಲಿ ಡಾ. ಎಲಿ ಮತ್ತು ಸಂಗಡಿಗರು ಪ್ರಕಟಿಸಿದ 300 ರೋಗಿಗಳ ಅಧ್ಯಯನದಲ್ಲಿ, ಪ್ರತಿದಿನ ಬೆಳಗ್ಗೆ ರೋಗಿ ಸ್ವತಃ ಉಸಿರಾಡಬಲ್ಲನೇ ಎಂದು ಕ್ರಮಬದ್ಧವಾಗಿ ಪರೀಕ್ಷಿಸಿ ವೈದ್ಯರಿಗೆ ತಿಳಿಸಿದಾಗ, ವೆಂಟಿಲೇಟರಿನ ಮೇಲೆ ಕಳೆಯುವ ಮಧ್ಯಮ ಅವಧಿ 6 ದಿನದಿಂದ 4.5 ದಿನಕ್ಕೆ ಇಳಿಯಿತು. ಆ ಪರೀಕ್ಷೆಯನ್ನು ಮಂಚದ ಬಳಿ ನಡೆಸಿದವರಲ್ಲಿ ಶ್ವಾಸಚಿಕಿತ್ಸಕರೂ ದಾದಿಯರೂ ಇದ್ದರು. 2000ದಲ್ಲಿ ಪ್ರಕಟವಾದ 861 ರೋಗಿಗಳ ಇನ್ನೊಂದು ಅಧ್ಯಯನ, ತೀವ್ರವಾಗಿ ಹಾನಿಗೊಂಡ ಶ್ವಾಸಕೋಶಕ್ಕೆ ಪ್ರತಿ ಉಸಿರಿನಲ್ಲಿ ಕಿಲೋ ತೂಕಕ್ಕೆ 12 ಮಿಲಿಲೀಟರಿನ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟರೆ ಸಾವು ನೂರಕ್ಕೆ 39.8ರಿಂದ 31ಕ್ಕೆ ಇಳಿಯುವುದೆಂದು ತೋರಿಸಿತು. ಆ ಲೆಕ್ಕಕ್ಕೆ ರೋಗಿಯ ಈಗಿನ ತೂಕ ಬೇಡ, ಎತ್ತರ ಬೇಕು. ಇಂದಿಗೂ ಶ್ವಾಸಚಿಕಿತ್ಸಕರು ಅಳತೆಯ ಟೇಪು ಹಿಡಿದು ಪ್ರಜ್ಞೆಯಿಲ್ಲದ ರೋಗಿಯ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯುವುದನ್ನು ಕಾಣಬಹುದು. ಲೋಕದ ದೊಡ್ಡ ಸಂಶೋಧನೆಯೊಂದು ಕೊನೆಗೆ ದರ್ಜಿಯ ಟೇಪಿನಲ್ಲಿ ಬಂದು ನಿಲ್ಲುತ್ತದೆ.

2020ರಲ್ಲಿ ಕೋವಿಡ್ ಬಂದಾಗ ಎಲ್ಲ ದೇಶಗಳೂ ವೆಂಟಿಲೇಟರುಗಳನ್ನು ಎಣಿಸಿದವು. ಅವುಗಳನ್ನು ನಡೆಸುವ ಕೈಗಳನ್ನು ಎಣಿಸಿದವರು ಕಡಿಮೆ. 2021ರಲ್ಲಿ ಭಾರತದ ಕೆಲವೆಡೆ, ನಡೆಸಬಲ್ಲವರಿಲ್ಲದೆ ವೆಂಟಿಲೇಟರುಗಳು ಮೂಲೆಯಲ್ಲಿ ಉಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಅದೇ ವರ್ಷದ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದ ವರದಿ ಬಂದಾಗ, ಇಲ್ಲಿ ನಮ್ಮಲ್ಲಿ ಅನೇಕರು ರಾತ್ರಿಯಿಡೀ ಊರಿಗೆ ಫೋನು ಮಾಡುತ್ತಿದ್ದುದು ನೆನಪಿದೆ. ಪ್ರೀಸ್ಟ್ಲಿ ಕಂಡು ಸುಮಾರು ಎರಡೂವರೆ ಶತಮಾನ ಕಳೆದಿದ್ದರೂ ಅದನ್ನು ಮಂಚದ ತನಕ ತಲುಪಿಸುವುದು ಇನ್ನೂ ಮನುಷ್ಯರ ಕೆಲಸವೇ ಆಗಿದೆ.

ಆದರೆ ನಾಡಿನಲ್ಲಿ ಕತ್ತಲೆಯೇ ತುಂಬಿಲ್ಲ. ಮಣಿಪಾಲದಲ್ಲಿ ಶ್ವಾಸಚಿಕಿತ್ಸೆಯ ಪದವಿ, ಸ್ನಾತಕೋತ್ತರ ಪದವಿಗಳ ಶಿಕ್ಷಣ ನಡೆಯುತ್ತಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿಯೂ ಈ ಪದವಿಯುಂಟು. 2021ರಲ್ಲಿ ಭಾರತದ ಸಂಸತ್ತು ವೈದ್ಯಕೀಯ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯಿದೆ ಮಾಡಿದಾಗ ಉಸಿರಾಟದ ತಂತ್ರಜ್ಞರನ್ನೂ ಅದರ ಪಟ್ಟಿಯಲ್ಲಿ ಸೇರಿಸಿತು. ಆ ತಮ್ಮನಂಥವರ ಕೈಯಿಂದ ಚೀಲವನ್ನು ತೆಗೆದುಕೊಂಡು “ನೀನು ಮಲಗು, ನಾನಿದ್ದೇನೆ” ಎನ್ನಬಲ್ಲವರು ನಮ್ಮ ಊರುಗಳಲ್ಲಿಯೂ ತಯಾರಾಗುತ್ತಿದ್ದಾರೆ.

ಈಗ ಪೋಷಕರಿಗೆ ಒಂದೆರಡು ವ್ಯಾವಹಾರಿಕ ಮಾತು. ಮಕ್ಕಳು ಈ ದಾರಿಯನ್ನು ಆರಿಸಿದರೆ, ಸೇರುವ ಕೋರ್ಸಿಗೆ ವೃತ್ತಿಯ ಮಾನ್ಯತಾ ಸಂಸ್ಥೆಯ ಒಪ್ಪಿಗೆ ಇದೆಯೇ ಎಂದು ಮೊದಲು ವಿಚಾರಿಸಿರಿ. ಇಲ್ಲದಿದ್ದರೆ ಮುಂದೆ ಪರೀಕ್ಷೆಗೆ ಕೂರಲಾಗದು. ರಾತ್ರಿಪಾಳಿ ಇದೆ, ಹಬ್ಬದ ದಿನವೂ ಕೆಲಸವಿದೆ, ಸೋಂಕಿನ ಅಪಾಯವಿದೆ, ಸಾವನ್ನು ಹತ್ತಿರದಿಂದ ಕಾಣಬೇಕಾಗುತ್ತದೆ. ಇವುಗಳನ್ನು ಮಕ್ಕಳಿಂದ ಮುಚ್ಚಿಡಬೇಡಿರಿ. ಭಾರತದಲ್ಲಿ ಕಲಿತು ಬಂದ ಸೊಸೆಯಂದಿರು, ಅಳಿಯಂದಿರು ತಮ್ಮ ಪದವಿ ಈ ದೇಶದಲ್ಲಿ ನೇರವಾಗಿ ನಡೆಯುವುದೆಂದು ಭಾವಿಸದೆ, ತಾವಿರುವ ರಾಜ್ಯದ ಲೈಸೆನ್ಸು ಮಂಡಲಿಯನ್ನು ಕೇಳಿ ಮುಂದುವರಿಯುವುದು ಲೇಸು.

ದನಿ ತಗ್ಗಿಸಿ ಕೇಳಿದ ಆ ತಾಯಿ ಇಂದು ಸಭೆಯಲ್ಲಿದ್ದಾರೆ, ಹೆಸರನ್ನು ಹೇಳುವುದಿಲ್ಲ. ಅವರ ಮಗಳು ಇಂದು ಬಂದಿಲ್ಲ. ವಿಚಾರಿಸಿದಾಗ, ಶಿಶುಗಳ ತೀವ್ರನಿಗಾ ಘಟಕದಲ್ಲಿ ಅವಳಿಗೆ ಇಂದು ಪಾಳಿ ಇದೆಯೆಂದು ತಿಳಿಯಿತು. ನಾವು ಇಲ್ಲಿ ಈ ಮಾತುಗಳನ್ನು ಆಡುತ್ತಿರುವಾಗ, ಅಂಗೈಯಗಲದ ಯಾವುದೋ ಒಂದು ಮಗುವಿನ ಎದೆ ಅವಳ ಕಣ್ಣ ಮುಂದೆ ಏರಿ ಇಳಿಯುತ್ತಿರಬಹುದು. ಜನ ಕೇಳಿದರೆ ಏನು ಹೇಳಬೇಕೆಂದು ತಾವು ಅಂದು ಕೇಳಿದಿರಲ್ಲ, ತಾಯಿ: ನಮ್ಮ ಮಗಳು ಕೆಲಸದ ಮೇಲಿದ್ದಾಳೆ ಎಂದು ಹೇಳಿರಿ. ದನಿ ತಗ್ಗಿಸುವುದು ಬೇಡ.

 ಸಿರಿಗನ್ನಡಂ ಗೆಲ್ಗೆ.